ಬರೋದು, ಹೋಗೋದು, ಬಡಿಸೋದು

ಇವತ್ತು ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಕಾವೇರಿ ನೀರು ಬರುವ ದಿನವಾದ್ದರಿಂದ ಸಂಪಿನ ಮುಚ್ಚಳ ತೆಗೆದು, ನೀರು ಬೀಳುತ್ತಿದೆ ಎಂದು ನೋಡಿಕೊಂಡು, ಮತ್ತೆ ಮುಚ್ಚಿದೆ. ನಮ್ಮನೆಯವರ ಬಿ.ಪಿ. ಮಾತ್ರೆ ಮುಗಿದಿತ್ತು, ಗಿರಿನಗರದ ಮೆಡಿಕಲ್ ಸ್ಟೋರಿಗೆ ಹೋಗಿ ತಂದೆ. ಗ್ಯಾಸ್ ಬುಕ್ ಮಾಡಿದೆ. ಮೋಡ ಕಟ್ಟಿತೆಂದು ಒಣಗಲು ಹಾಕಿದ ಬಟ್ಟೆ ಒಳಗೆ ತಂದೆ. ಮಳೆ ಬರಲಿಲ್ಲ. ಮತ್ತೆ ಹೊರಗೆ ಹಾಕಿದೆ. ಹುರುಳಿಕಾಯಿ ಹೆಚ್ಚುತ್ತ ಕೂತಿದ್ದಾಗ ಮೇಘನಾಳ ಫೋನ್ ಬಂತು.

ಮೇಘನಾ ನಮ್ಮ ಎದುರು ಮನೆಯ ಹುಡುಗಿ. ನಾನು ಕೆಲಸ ಮಾಡಿ ಬಿಟ್ಟ ಇಂಟರ್ನೆಟ್ ಕಂಪನಿಯಲ್ಲೇ, ನಾನು ಮಾಡುತ್ತಿದ್ದ ಕೆಲಸಕ್ಕೇ ಈಚೆಗೆ ಸೇರಿದ್ದಾಳೆ.

"ಆಂಟಿ, ಫ್ರೀ ಇದೀರಾ?"

"ಹುರುಳಿಕಾಯಿ ಹೆಚ್ತಿದೀನಿ. ಹೇಳು."

"ಜಯನಗರದಲ್ಲಿ ಒಬ್ರು ಕಸ್ಟಮರ್ ಮನೇಲಿದೀನಿ. ವೆಬ್ ಸರ್ವರ್ ಮನೇಲೇ ಇಟ್ಕೊಂಡಿದಾರೆ. ಹಳೇ ಲೈನ್ ತೆಗೆದು ಹೊಸದು ಹಾಕ್ಬೇಕಂತೆ. ಎಷ್ಟು ಸ್ಪೀಡ್ ಬೇಕು ಮೇಡಂ ಅಂದ್ರೆ, 'ಬರೋದು ಎಷ್ಟಾದ್ರೂ ಇರ್ಲಿ, ಬಡಿಸೋದು ಜಾಸ್ತಿ ಇರ್ಲಿ' ಅಂತಾರೆ. ಹೊರಗಡೆ ವಧೂವರ ಕೇಂದ್ರ ಅಂತ ಬೋರ್ಡಿದೆ. ಕೇಟರಿಂಗೂ ಮಾಡ್ತೀರಾ ಅಂತ ಕೇಳ್ದೆ. ನಕ್ಕೊಂಡು ಕಾಫಿ ಮಾಡೋಕೆ ಒಳಗೆ ಹೋದ್ರು."

"ಅಪ್‌ಲೋಡ್ ಜಾಸ್ತಿ ಕೊಡು," ಎಂದೆ. "ಬಡಿಸೋದು ಅಂದ್ರೆ ಅಪ್‌ಲೋಡು."

"ಯಾವ ಡಿಕ್ಷನರಿ ಆಂಟಿ ಇದು?"

"ನಮ್ದೇ."

ಸಂಜೆ ಮನೆಗೆ ಬಾ, ಹೇಳುತ್ತೇನೆ ಎಂದೆ. ಸಂಜೆ ಅವಳಿಗೆ ಮೀಟಿಂಗಂತೆ. "ಬರೆದಿಡಿ ಆಂಟಿ, ಬಸ್ಸಲ್ಲಿ ಓದ್ಕೋತೀನಿ," ಎಂದಳು. ಹಾಗಾಗಿ ಬರೆಯುತ್ತಿದ್ದೇನೆ. ಅವಳ ಜೊತೆಗೆ ಸೇರಿದ ಉಳಿದವರೂ ಬೇಕಾದರೆ ಓದಿಕೊಳ್ಳಲಿ.

ನನ್ನ ಹುದ್ದೆಯ ಹೆಸರು ಕಾರ್ಡಿನಲ್ಲಿ ಎರಡು ಸಾಲು ಇತ್ತು. ಕೆಲಸ ಇಷ್ಟೇ: ಇಂಟರ್ನೆಟ್ ಲೈನ್ ಬೇಕೆಂದವರ ಅಂಗಡಿಗೋ ಮನೆಗೋ ಹೋಗುವುದು, ಕಾಫಿ ಕುಡಿಯುವುದು, ಅವರಿಗೆ ಎಷ್ಟು ವೇಗದ ಲೈನ್ ಬೇಕು ಎಂದು ಬರೆದುಕೊಂಡು ಬರುವುದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಳೇಕಹಳ್ಳಿ ನನ್ನ ಏರಿಯಾ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕಾಫಿ ಕುಡಿದು, ಐವತ್ತೈದಕ್ಕೆ ಸ್ವಯಂನಿವೃತ್ತಿ ತೆಗೆದುಕೊಂಡೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಕುರ್ಚಿ ಬದಲಾಯಿತು, ಹೋಗುತ್ತಿದ್ದ ಬಸ್ಸು ಬದಲಾಗಲಿಲ್ಲ.

ಮೊದಲು ಒಂದು ವಿಷಯ ತಿಳಿದಿರಬೇಕು. ಮನೆಯಲ್ಲಿ ಕೂತು ಸಿನಿಮಾ ನೋಡುವವರಿಗೆ ಹೊರಗಿನಿಂದ ಒಳಗೆ ಬರುವ ವೇಗ ಮುಖ್ಯ. ವ್ಯಾಪಾರದ ವೆಬ್‌ಸೈಟನ್ನು ತಮ್ಮದೇ ಯಂತ್ರದಲ್ಲಿ ಇಟ್ಟುಕೊಂಡವರ ಲೆಕ್ಕ ಉಲ್ಟಾ. ಪುಟ ಮನೆಯೊಳಗಿದೆ, ನೋಡುವವರು ಊರ ತುಂಬ ಇದ್ದಾರೆ. ಆದ್ದರಿಂದ ಒಳಗಿನಿಂದ ಹೊರಗೆ ಹೋಗುವ ವೇಗವೇ ಮುಖ್ಯ. ಆದರೆ ಆಗಿನ ಪ್ಲಾನುಗಳಲ್ಲಿ ಬರುವುದು ಧಾರಾಳವಾಗಿಯೂ ಹೋಗುವುದು ಸಣ್ಣದಾಗಿಯೂ ಇರುತ್ತಿತ್ತು. ಪಾಂಪ್ಲೆಟ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದುದು ಬರುವುದನ್ನು ಮಾತ್ರ. ಹೋಗುವುದು ಕೆಳಗೆ, ನಕ್ಷತ್ರದ ಗುರುತಿನ ಪಕ್ಕ, ಕನ್ನಡಕ ಹಾಕಿದವರಿಗೆ ಕಾಣುವಷ್ಟು.

ನಮ್ಮ ಮ್ಯಾನೇಜರ್ ನಟರಾಜ್ ಸಾರ್ ಈ ಗೋಜಿಗೆಲ್ಲ ಹೋಗುತ್ತಿರಲಿಲ್ಲ. ವೇಗ ಆರಿಸಲು ಅವರದೇ ಒಂದು ವಿಧಾನವಿತ್ತು. "ಗೇಟ್ ನೋಡಿ ಮೇಡಂ. ಒಂದು ಬಾಗ್ಲಿನ ಗೇಟಾದ್ರೆ ಚಿಕ್ಕ ಪ್ಲಾನು. ಎರಡು ಬಾಗ್ಲಾದ್ರೆ ದೊಡ್ಡ ಪ್ಲಾನು. ಗೇಟಿನ ಕಂಬದ ಮೇಲೆ ಸಿಂಹ ಇದ್ರೆ ಲೀಸ್ಡ್ ಲೈನು, ಎಲ್ಲಕ್ಕಿಂತ ದುಬಾರಿದು." ಬನಶಂಕರಿಯಲ್ಲಿ ಒಬ್ಬರ ಗೇಟಿನ ಮೇಲೆ ಎರಡು ಸಿಂಹವಿದ್ದವು. ಒಳಗೆ ಹೋಗಿ ವಿಚಾರಿಸಿದರೆ ಅವರಿಗೆ ಬೇಕಾಗಿದ್ದುದು ಮೊಮ್ಮಗುವಿನ ಫೋಟೋ ನೋಡಲು ಒಂದು ಇಮೇಲ್. ಸಾರ್‌ಗೆ ಹೇಳಿದೆ. "ಸಿಂಹ ಬಾಯಿ ತೆರೆದಿತ್ತಾ, ಮುಚ್ಚಿತ್ತಾ?" ಎಂದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಿಳೇಕಹಳ್ಳಿಯ ಪಿಳ್ಳಪ್ಪನವರ ಪ್ರಸಂಗ ಆಮೇಲಿನದು. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಆಗ ಅವರದೇ ಪಿ.ಜಿ. ಕಟ್ಟಡ ಎದ್ದಿತ್ತು. ರೂಮುಗಳ ಫೋಟೋ ಹಾಕಿ ಒಂದು ವೆಬ್‌ಸೈಟ್ ಮಾಡಿಸಿ, ಯಂತ್ರವನ್ನು ನೆಲಮಹಡಿಯ ಮೀಟರ್ ಬೋರ್ಡಿನ ಪಕ್ಕ ಇಟ್ಟಿದ್ದರು. ಎದುರು ಕಟ್ಟಡ ಅವರ ತಮ್ಮನದು. ಅಲ್ಲೂ ಪಿ.ಜಿ., ಅಲ್ಲೂ ವೆಬ್‌ಸೈಟು.

"ಏನಮ್ಮಾ, ನಮ್ ತಮ್ಮಂಗೆ ಎಷ್ಟು ಹಾಕ್ಕೊಟ್ರಿ?" ಎಂದರು, ನಾನು ಚಪ್ಪಲಿ ಬಿಡುವ ಮೊದಲೇ.

"ಎಂಟು ಎಂಬಿಪಿಎಸ್ ಸಾರ್."

"ನಂಗೆ ಒಂಬತ್ತು ಹಾಕು."

"ಒಂಬತ್ತು ಅಂತ ಪ್ಲಾನಿಲ್ಲ ಸಾರ್. ನಿಮ್ಮ ವೆಬ್‌ಸೈಟ್ ಯಾರ್ಯಾರು ನೋಡ್ತಾರೆ?"

"ನಾನ್ ನೋಡ್ತೀನಿ. ನಮ್ ತಮ್ಮ ನೋಡ್ತಾನೆ."

"ಅವರ್ಯಾಕೆ ನೋಡ್ತಾರೆ?"

"ನಾನು ಬಾಡ್ಗೆ ಎಷ್ಟಿಟ್ಟಿದೀನಿ ಅಂತ. ನಾನೂ ಅವಂದು ನೋಡ್ತೀನಿ, ಸುಳ್ಯಾಕೆ."

ಇಬ್ಬರು ನೋಡುವುದಕ್ಕೆ ಎರಡು ಎಂಬಿಪಿಎಸ್ ಬೇಕಾದಷ್ಟಾಯಿತು ಎಂದು ತಿಳಿಸಿ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು. "ನೀನು ಹೇಳೋದು ಸರೀನೇ ಕಣಮ್ಮ. ಆದ್ರೆ ಎರಡು ಹಾಕಿಸ್ಕೊಂಡು ನಾನು ಅವ್ನೆದುರಿಗೆ ಹೆಂಗೆ ಓಡಾಡ್ಲಿ?" ಎಂದು ಹತ್ತು ಹಾಕಿಸಿಕೊಂಡರು. ಸ್ವಲ್ಪ ದಿನಕ್ಕೆ ತಮ್ಮ ಹನ್ನೆರಡು ಕೇಳಿದರು. ಎರಡೂ ವೆಬ್‌ಸೈಟನ್ನು ಅಣ್ಣತಮ್ಮಂದಿರು ಬಹಳ ವೇಗವಾಗಿ ನೋಡಿಕೊಂಡರು. ನಟರಾಜ್ ಸಾರ್ ಪ್ರಕಾರ ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು.

ನನ್ನ ಪ್ರಕಾರ ಜೆ.ಪಿ. ನಗರದ ಲ್ಯಾಬಿನದು. ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಅವರು ತಮ್ಮದೇ ಸರ್ವರಿನಲ್ಲಿ ಹಾಕುತ್ತಿದ್ದರು. ಪ್ರತಿ ಸಂಜೆ ಸೈಟು ಕಟ್ಟಿಕೊಂಡ ಮೂಗಿನ ಹಾಗೆ ಆಗುತ್ತಿತ್ತು. ಇಮ್ಮಡಿ ವೇಗ ಕೊಡಿ ಎಂದು ಡಾಕ್ಟರು ಕರೆಸಿದರು. ಅವರು ಬರುವ ತನಕ ನಾನು ಪೇಶೆಂಟುಗಳ ಜೊತೆ ಕುರ್ಚಿಯಲ್ಲಿ ಕೂತಿದ್ದೆ. ರಿಸೆಪ್ಷನ್ನಿನ ಹುಡುಗಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಆರು ಗಂಟೆ ಮೇಲೆ ನೋಡಿ ಅಂಕಲ್." "ಆರು ಗಂಟೆ ಮೇಲೆ ಆಂಟಿ." ತಮಗೆ ಏನಿದೆಯೋ ಎಂಬ ಭಯದಲ್ಲಿ ಇರುವವರಿಗೆ ಆರು ಗಂಟೆ ಮೇಲೆ ಎಂದರೆ ಆರು ಗಂಟೆಗೆ ಎಂದೇ ಅರ್ಥ. ಎಲ್ಲರೂ ಒಟ್ಟಿಗೆ ತೆರೆಯುತ್ತಿದ್ದರು. ಕೆಲವರಿಗೆ ನಾಲ್ಕು ಎನ್ನು, ಕೆಲವರಿಗೆ ಐದು, ಕೆಲವರಿಗೆ ಏಳು ಎನ್ನು ಎಂದು ಆ ಹುಡುಗಿಗೆ ಹೇಳಿ ಬಂದೆ. ಹಳೇ ಲೈನೇ ಸಾಕಾಯಿತು.

"ಮೇಡಂ, ನಾವು ಮಾರೋದು ಇಂಟರ್ನೆಟ್ಟು. ಬುದ್ಧಿವಾದ ಅಲ್ಲ," ಎಂದರು ನಟರಾಜ್ ಸಾರ್. ಡಾಕ್ಟರು ಖುಷಿಯಾಗಿ ನನಗೊಂದು ಶುಗರ್ ಟೆಸ್ಟ್ ಮಾಡಿಸಿದರು. ಅಂದಿನಿಂದ ಕಾಫಿಗೆ ಸಕ್ಕರೆ ಬಿಟ್ಟಿದ್ದೇನೆ.

ಅಲ್ಲಿ ಕಲಿತದ್ದು: ದಿನಕ್ಕೆ ಎಷ್ಟು ಜನ ನೋಡುತ್ತಾರೆ ಎಂದು ಕೇಳಬಾರದು. ಒಂದೇ ಹೊತ್ತಿಗೆ ಎಷ್ಟು ಜನ ನೋಡುತ್ತಾರೆ ಎಂದು ಕೇಳಬೇಕು. ಇಷ್ಟು ಕಲಿತ ಮೇಲೆ ಇನ್ನೇನು ತಪ್ಪಾಗುತ್ತದೆ ಎಂದುಕೊಂಡೇ ನಾನು ವನಜಾಕ್ಷಿ ಮೇಡಂ ಮನೆಗೆ ಹೋದದ್ದು.

ಜಯನಗರದಲ್ಲಿ ಅವರ ವಧೂವರ ಕೇಂದ್ರ, ಮೇಘನಾ ಇವತ್ತು ಹೋಗಿದ್ದಳಲ್ಲ, ಅದೇ ಮನೆ. ಅದನ್ನು ಶುರುಮಾಡಿದವರು ವನಜಾಕ್ಷಿಯವರ ಅತ್ತೆ. ಆಗ ಮುಂದಿನ ಕೋಣೆಯಲ್ಲಿ ಆಲ್ಬಮ್ಮುಗಳು. ಹೆಣ್ಣು ಹೆತ್ತವರು, ಗಂಡು ಹೆತ್ತವರು ಬಂದು, ಚಾಪೆ ಮೇಲೆ ಕೂತು, ಫೋಟೋ ನೋಡಿ, ಜಾತಕ ಬರೆದುಕೊಂಡು ಹೋಗಬೇಕು. ಆಲ್ಬಮ್ ಯಾರಿಗೂ ಕೊಟ್ಟು ಕಳಿಸುವಂತಿರಲಿಲ್ಲ. ಗೋಡೆಗೆ ಅತ್ತೆಯವರು ಬರೆಸಿ ಹಾಕಿದ್ದ ಬೋರ್ಡು: "ಫೋಟೋ ಮನೆ ಬಿಟ್ಟು ಹೋಗುವುದಿಲ್ಲ."

ಅತ್ತೆ ಹೋದರು, ಆಮೇಲೆ ಗಂಡ ಹೋದರು. ವನಜಾಕ್ಷಿಯವರಿಗೆ ಉಳಿದದ್ದು ಕೇಂದ್ರ ಮತ್ತು ಆ ಬೋರ್ಡು. ಆ ಹೊತ್ತಿಗೆ ಜನ ಚಾಪೆ ಮೇಲೆ ಕೂರುವುದು ಬಿಟ್ಟಿದ್ದರು. ಮಂಡಿನೋವು ಒಂದು ಕಾರಣ, ಟ್ರಾಫಿಕ್ ಇನ್ನೊಂದು. ಮನೆಯಲ್ಲೇ ಕೂತು ನೋಡುವ ಹಾಗೆ ಮಾಡಿ ಎಂದರು. ಆದರೆ ಹೆಣ್ಣುಮಕ್ಕಳ ಫೋಟೋ ಎಲ್ಲೋ ಗುರುತಿಲ್ಲದವರ ಯಂತ್ರದಲ್ಲಿ ಇರುವುದಕ್ಕೆ ಒಪ್ಪಲಿಲ್ಲ. ಹಾಗಾಗಿ ಯಂತ್ರ ಇವರ ನಡುಮನೆಗೇ ಬಂದು ಅಲ್ಮೇರಾ ಪಕ್ಕ ಕೂತಿತು. ಹೆಸರು ಬರೆಸಿದ ಮನೆಯವರಿಗೆ ಮಾತ್ರ ಪಾಸ್‌ವರ್ಡು. ಇದು ನಡೆದರೆ ಕೇಂದ್ರ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಫೋನಿನ ದೊಡ್ಡ ದೊಡ್ಡ ಆ್ಯಪುಗಳಿಗೆ ಹೋಗುತ್ತಾರೆ, ಇವರು ಬಾಗಿಲು ಹಾಕಬೇಕು. ಅಷ್ಟು ಸ್ಪಷ್ಟವಾಗಿತ್ತು.

ಆಗ ತಾನೇ ನಮ್ಮ ಹೆಡ್ ಆಫೀಸಿನವರು ಅರ್ಜಿ ಫಾರಂ ಕನ್ನಡದಲ್ಲಿರಬೇಕೆಂದು ಮಾಡಿಸಿದ್ದರು. ಡೌನ್‌ಲೋಡಿಗೆ 'ಬರುವ ವೇಗ', ಅಪ್‌ಲೋಡಿಗೆ 'ಹೋಗುವ ವೇಗ' ಎಂದು ಅಚ್ಚಾಗಿತ್ತು. ಅನುವಾದದಲ್ಲಿ ಏನೂ ತಪ್ಪಿರಲಿಲ್ಲ. ತೊಂದರೆಯಾದದ್ದು ಅದು ಕನ್ನಡವಾದದ್ದರಿಂದ. ನಮ್ಮ ಕಡೆ ಮನೆ ಬಿಟ್ಟು ಹೊರಡುವಾಗಲೂ "ಹೋಗ್ತೀನಿ" ಎನ್ನುವಂತಿಲ್ಲ. "ಬರ್ತೀನಿ" ಎಂದೇ ಹೋಗಬೇಕು. ಮರೆತು ಬಾಯಿಂದ ಬಂದರೆ ಒಳಗಿನಿಂದ ಯಾರಾದರೂ "ಬರ್ತೀನಿ ಅನ್ನು" ಎಂದು ಕೂಗುತ್ತಾರೆ. ಇಂಥ ಊರಿನಲ್ಲಿ, ಅದೂ ವಧೂವರ ಕೇಂದ್ರದಲ್ಲಿ ಕೂತು, ನಾನು ಫಾರಂ ಓದಿದೆ.

"ಬರುವ ವೇಗ ಎಷ್ಟಿರಲಿ ಮೇಡಂ?"

"ಜಾಸ್ತೀನೇ ಇರ್ಲಿ ಪದ್ಮಾ. ಸಂಬಂಧಗಳು ಬರ್ಬೇಕಲ್ಲ."

"ಹೋಗುವ ವೇಗ?"

"ಬಿಡ್ತು ಅನ್ನಿ! ಹೋಗೋದ್ಯಾಕೆ? ಬಂದಿದ್ದು ನಿಂತ್ರೆ ಸಾಕಾಗಿದೆ."

"ಹಾಗಲ್ಲ ಮೇಡಂ. ಇಲ್ಲಿರೋ ಫೋಟೋಗಳು ಹೊರಗೆ ಹೋಗೋ ವೇಗ ಅದು. ನಿಮಗೆ ಅದೇ ಜಾಸ್ತಿ ಬೇಕಾಗೋದು."

ಅವರು ಗೋಡೆ ಕಡೆ ಕೈ ತೋರಿಸಿದರು. "ಓದಿ."

ಓದಿದೆ.

"ಇದರ ಕೆಳಗೆ ಕೂತ್ಕೊಂಡು, ಫೋಟೋ ಬೇಗ ಬೇಗ ಮನೆ ಬಿಟ್ಟು ಹೋಗ್ಲಿ ಅಂತ ಸೈನ್ ಹಾಕ್ಲಾ?"

ಫೋಟೋ ಇಲ್ಲೇ ಇರುತ್ತದೆ, ನೋಡುವವರಿಗೆ ಅದರ ಪ್ರತಿ ಹೋಗುತ್ತದೆ ಎಂದೆ. ಪ್ರತಿ ಎಂದ ಕೂಡಲೇ ಅವರ ಮುಖ ಇನ್ನೂ ಬಿಗಿಯಾಯಿತು. ಆಫೀಸಿಗೆ ಬಂದು ನಟರಾಜ್ ಸಾರ್‌ಗೆ ವಿವರಿಸಿದೆ. "ಕಸ್ಟಮರ್ ಬೇಡ ಅಂದಿದ್ದನ್ನ ನಾವ್ಯಾಕೆ ಬಲವಂತ ಮಾಡೋದು? ಬರೋದು ಹತ್ತು, ಹೋಗೋದು ಒಂದು. ಸೈನ್ ಹಾಕ್ಸಿ," ಎಂದರು. ಹಾಕಿಸಿದೆ.

ಲೈನ್ ಹಾಕಿದ್ದು ಆಷಾಢದಲ್ಲಿ. ಪರೀಕ್ಷೆ ಮಾಡಿದ್ದೂ ಆಷಾಢದಲ್ಲಿ. ಈ ತಪ್ಪನ್ನು ನಮ್ಮ ಪಕ್ಕದಲ್ಲಿ ಕೂತು ಯಾವ ಹೊರ ಊರಿನ ಎಂಜಿನಿಯರೂ ತಿದ್ದಲಾರ, ಏಕೆಂದರೆ ಅವನಿಗೆ ಗೊತ್ತಿರುವುದಿಲ್ಲ. ನಮಗೆ ಗೊತ್ತಿತ್ತು, ಆದರೆ ಹೊಳೆಯಲಿಲ್ಲ. ಆಷಾಢದಲ್ಲಿ ಯಾರೂ ಹೆಣ್ಣುಗಂಡಿನ ಮಾತೆತ್ತುವುದಿಲ್ಲ. ಹೊಸ ಫೋಟೋ ಕೊಡುವುದಿಲ್ಲ, ಇದ್ದದ್ದನ್ನು ತೆರೆದು ನೋಡುವುದಿಲ್ಲ. ಸೈಟಿನಲ್ಲಿ ಆಗ ಇದ್ದದ್ದು ಅತ್ತೆಯವರ ಸಣ್ಣ ಕಪ್ಪುಬಿಳುಪು ಫೋಟೋ ಒಂದೇ. ನೋಡಿದವಳು ನಾನೊಬ್ಬಳೇ, ಅದೂ ಅದೇ ಮನೆಯೊಳಗೆ ಕೂತು. ಚಕ್ ಎಂದು ಬಂತು. ಫಾರಮ್ಮಿನಲ್ಲಿ 'ತೃಪ್ತಿಕರ' ಎಂದು ಬರೆದೆವು.

ಶ್ರಾವಣ ಹುಟ್ಟಿತು. ಒಳ್ಳೆಯ ದಿನ ನೋಡಿಕೊಂಡು ಎಲ್ಲರೂ ಸ್ಟುಡಿಯೋದಲ್ಲಿ ತೆಗೆಸಿದ ಹೊಸ ಫೋಟೋಗಳನ್ನು ತಂದುಕೊಟ್ಟರು. ರೇಷ್ಮೆ ಸೀರೆಯ ಜರಿ ಎಳೆ ಎಳೆಯಾಗಿ ಕಾಣುವಂಥ ಭಾರೀ ಫೋಟೋಗಳು. ಮೊದಲ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಎಲ್ಲರ ಮನೆಯಲ್ಲೂ ಅಪ್ಪ ಅಮ್ಮ ಕನ್ನಡಕ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತರು.

ಅವತ್ತೇ ಮಧ್ಯಾಹ್ನ ವನಜಾಕ್ಷಿ ಮೇಡಂ ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಶೇಷಗಿರಿರಾಯರು ಅಲ್ಲಿ ಕೂತಿದ್ದರು. ಬನಶಂಕರಿಯವರು, ಬ್ಯಾಂಕಿನಿಂದ ರಿಟೈರಾದವರು. ತಮ್ಮ ಮಗಳ ಹೆಸರು ಬರೆಸಿದ್ದಲ್ಲದೆ ತಮ್ಮ ಗುರುತಿನ ಇಪ್ಪತ್ತು ಮನೆಯವರನ್ನು ಕೇಂದ್ರಕ್ಕೆ ತಂದವರೂ ಅವರೇ.

"ಬನ್ನಿ ಇಂಟರ್ನೆಟ್ ಮೇಡಂ," ಎಂದರು. "ಒಂದು ಹುಡುಗನ ಫೋಟೋ ಒತ್ತಿದೆ. ಕ್ರಾಪ್ ಬಂತು. ಹಣೆ ಬಂತು. ಹುಬ್ಬಿನ ತನಕ ಬಂದು ನಿಂತ್ಕೊಂಡ. ನಮ್ಮನೆಯವಳು ಕುಕ್ಕರ್ ಇಟ್ಟು ಇಳಿಸಿ ಬಂದ್ಲು, ಇನ್ನೂ ಹುಬ್ಬಲ್ಲೇ ಇದ್ದ."

"ಕಣ್ಣು...?" ಎಂದರು ವನಜಾಕ್ಷಿ ಮೇಡಂ, ಮೆಲ್ಲಗೆ.

"ಕಣ್ಣು ಇದೆಯೋ ಇಲ್ವೋ ನಮಗೇನಮ್ಮ ಗೊತ್ತು? ಕ್ರಾಪ್ ಚೆನ್ನಾಗಿದೆ. ಕ್ರಾಪಿಗೆ ಮಗಳನ್ನ ಕೊಡೋಕಾಗುತ್ತಾ?"

ರಾಯರು ಎದ್ದು ನಿಂತು, ಈ ಸಲ ನಿಧಾನವಾಗಿ ಹೇಳಿದರು: "ನಿಮ್ಮತ್ತೆ ಕಾಲದಿಂದ ನಂಬ್ಕೊಂಡು ಬಂದಿದೀವಿ. ಮುಂದಿನ ಭಾನುವಾರಾನೂ ಹಿಂಗೇ ಆದ್ರೆ ನಾನು ಯಾರನ್ನೂ ಹಿಡಿದಿಟ್ಕೊಳಕ್ಕಾಗಲ್ಲ. ಎಲ್ಲರೂ ಆ ಆ್ಯಪಿಗೆ ಕೊಡ್ತಾರೆ. ನಾನೂ ಕೊಡ್ತೀನಿ. ಬರ್ತೀನಮ್ಮ."

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಮೇಘನಾ, ಇದನ್ನು ಬಸ್ಸಿನಲ್ಲಿ ಓದುವಾಗ ಸ್ಟಾಪ್ ಬಂದರೆ ಇಳಿದು ಆಮೇಲೆ ಓದು. ಫೋಟೋದ ತೂಕ ಹೇಳುವುದು ಬೈಟಿನಲ್ಲಿ, ಲೈನಿನ ವೇಗ ಹೇಳುವುದು ಬಿಟ್ಟಿನಲ್ಲಿ. ಒಂದು ಬೈಟಿಗೆ ಎಂಟು ಬಿಟ್ಟು. ಆ ಫೋಟೋ ಒಂದೊಂದೂ ನಾಲ್ಕು ಮೆಗಾಬೈಟ್, ಅಂದರೆ ಮೂವತ್ತೆರಡು ಮೆಗಾಬಿಟ್. ಹೋಗುವ ವೇಗ ಬರೀ ಒಂದು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಒಂದು ಮೆಗಾಬಿಟ್ ಇದ್ದರೆ, ಒಬ್ಬರೇ ನೋಡಿದರೂ ಒಂದು ಫೋಟೋಗೆ ಅರ್ಧ ನಿಮಿಷ. ಇಪ್ಪತ್ತು ಮನೆಯವರು ಒಟ್ಟಿಗೆ ನೋಡಿದರೆ ಹತ್ತು ನಿಮಿಷದ ಮೇಲೆ. ಬರುವ ವೇಗ ಹತ್ತು ಇದ್ದದ್ದು ಸುಮ್ಮನೆ ಇತ್ತು. ಮನೆಗೆ ಬರಬೇಕಾದದ್ದು ಏನೂ ಇರಲಿಲ್ಲ.

ಮಾರನೆಯ ದಿನ ಹೋದೆ. ನಮ್ಮ ಹೊಸ ಕೇಬಲ್ ಆಗಲೇ ಅವರ ಮನೆಯ ಮುಂದಿನ ಕಂಬದವರೆಗೆ ಬಂದಿತ್ತು. ಎರಡೂ ಕಡೆ ಸಮ ಇರುವ ನಾಲ್ಕರ ಪ್ಲಾನಿಗೆ ಬದಲಾಯಿಸುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಹೇಳುವುದು.

"ಬರೋದನ್ನ ಹತ್ತರಿಂದ ನಾಲ್ಕಕ್ಕೆ ಇಳಿಸಿ, ಹೋಗೋದನ್ನ ಒಂದರಿಂದ ನಾಲ್ಕು ಮಾಡೋದಾ?" ಎಂದರು ವನಜಾಕ್ಷಿ ಮೇಡಂ. "ಇದಕ್ಕಿಂತ ಬಾಗಿಲು ಹಾಕು ಅಂತ ನೇರವಾಗಿ ಹೇಳಿ ಪದ್ಮಾ."

"ಬಾಗಿಲು ಹಾಕ್ಬಾರ್ದು ಅಂತಾನೇ ಹೇಳ್ತಿರೋದು."

"ಬೋರ್ಡು ತೆಗೆದ್ಮೇಲೆ ಬಾಗಿಲು ತೆಗೆದಿದ್ರೇನು, ಹಾಕಿದ್ರೇನು?"

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಊಟ ಮಾಡಿಕೊಂಡು ಹೋಗಿ ಎಂದರು. ಬೇಡ ಎಂದೆ. ಎಲೆ ಹಾಕಿಬಿಟ್ಟರು. ಅನ್ನ ಬಡಿಸಿ, ಹುಳಿಯ ಪಾತ್ರೆ ಕಂಕುಳಿಗೆ ಇಟ್ಟುಕೊಂಡು, ಸೌಟು ಎತ್ತಿ, ಹಾಗೇ ನಿಂತು ಕೇಳಿದರು:

"ಅಲ್ಲ, ಆ ಪೆಟ್ಟಿಗೆಗೆ ಏನೋ ಹೆಸರು ಹೇಳ್ತೀರಲ್ಲ."

"ಸರ್ವರ್."

"ಸರ್ವರ್ ಅಂದ್ರೆ ಹೋಟ್ಲಲ್ಲಿ ಇಡ್ಲಿ ತಂದಿಡೋನು. ಇದಕ್ಕೂ ಅದೇ ಹೆಸರು ಯಾಕಿಟ್ರು?"

ಇಷ್ಟು ವರ್ಷದಲ್ಲಿ ಇದನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ಅದೂ ಬಡಿಸೋದೇ ಕೆಲಸ ಮೇಡಂ," ಎಂದೆ. "ಯಾರು ಕೇಳ್ತಾರೋ ಅವರ ಎಲೆಗೆ."

ಸೌಟು ಮೇಲೆಯೇ ಇತ್ತು. ಅವರು ಪಾತ್ರೆ ನೋಡಿದರು, ಎಲೆ ನೋಡಿದರು.

"ನಿಮ್ಮೆಲೆಗೆ ಹುಳಿ ಬಡಿಸಿದ್ರೆ ಪಾತ್ರೆ ಮನೆ ಬಿಟ್ಟು ಹೋಯ್ತು ಅಂತಾರಾ?"

"ಇಲ್ಲ."

"ಮತ್ತೆ ಇಷ್ಟು ದಿನ ಹೋಗೋದು, ಹೋಗೋದು ಅಂತ ಯಾಕೆ ಬಾಯಿ ಬಡ್ಕೊಂಡ್ರಿ?"

"ಫಾರಮ್ಮಲ್ಲಿ ಹಾಗಿತ್ತು."

"ಬೆಂಕಿ ಹಾಕಿ ಫಾರಮ್ಮಿಗೆ. ಈಗ ಎಷ್ಟು ಜನ ಬಡಿಸ್ತಿದಾರೆ?"

"ಒಬ್ಬರು."

"ಕೂತಿರೋರು?"

"ಭಾನುವಾರ ಬೆಳಿಗ್ಗೆ ಒಂದೇ ಪಂಕ್ತಿಗೆ ಇಪ್ಪತ್ತು ಎಲೆ."

"ರಾಮ ರಾಮಾ! ಇಪ್ಪತ್ತು ಎಲೆಗೆ ಒಬ್ಬರಾ? ಅದಕ್ಕೇ ಆ ಹುಡುಗ ಹುಬ್ಬಲ್ಲಿ ನಿಂತಿದ್ದು. ನಮ್ಮ ಮದುವೇಲೂ ಹಿಂಗೇ ಆಗಿತ್ತು. ಪಾಯಸ ಅರ್ಧ ಪಂಕ್ತಿಗೇ ನಿಂತು ನಮ್ಮ ಮಾವ ಎದ್ದುಹೋದ್ರು." ಆಮೇಲೆ ಹುಳಿ ಬಡಿಸಿದರು. ಅನ್ನ ಆರಿತ್ತು.

ಅಲ್ಲಿಂದ ಮುಂದೆ ಅವರೇ ಪ್ರಶ್ನೆ ಕೇಳಿದರು, ನಾನು ಉತ್ತರ ಹೇಳಿದೆ. ಬಡಿಸುವವರು ನಾಲ್ವರಾದರೆ ಸಾಕೇ? ಸಾಲದು, ಈಗ ಒಂದೊಂದು ಎಲೆಗೂ ಹಂಡೆಯನ್ನೇ ತಂದು ಸುರಿದ ಹಾಗೆ ಆಗುತ್ತಿದೆ. ಫೋಟೋದ ತೂಕ ಇಳಿಸಬೇಕು. ಇಳಿಸಿದರೆ ರುಚಿ ಕೆಡುವುದಿಲ್ಲವೇ? ಪರದೆಯ ಮೇಲೆ ನೋಡುವುದಕ್ಕೆ ಕೆಡುವುದಿಲ್ಲ. ನಾಲ್ಕು ಮೆಗಾಬೈಟಿನ ಫೋಟೋವನ್ನು ಅದರ ಇಪ್ಪತ್ತನೇ ಒಂದು ಪಾಲಿಗೆ ಇಳಿಸಿದೆವು. ಈಗ ಇಪ್ಪತ್ತು ಮನೆಯವರು ಒಟ್ಟಿಗೆ ಒತ್ತಿದರೂ ಎಲ್ಲರಿಗೂ ಎಂಟು ಸೆಕೆಂಡಿನಲ್ಲಿ ಮುಖ ಬರುತ್ತದೆ ಎಂದು ಲೆಕ್ಕ ಬಂತು.

ಲೆಕ್ಕಕ್ಕೆ ಬಾರದ್ದು ತಾಯಂದಿರು. ತೂಕ ಇಳಿಸುತ್ತಿದ್ದೇವೆಂದು ವನಜಾಕ್ಷಿ ಮೇಡಂ ಮರ್ಯಾದೆಗೆ ಒಂದೊಂದು ಮನೆಗೂ ಫೋನ್ ಮಾಡಿ ತಿಳಿಸಿದರು. "ನಮ್ಮ ಹುಡುಗಿ ಮೊದಲೇ ಸಣ್ಣ ಇದಾಳೆ, ಇನ್ನೂ ಇಳಿಸ್ಬೇಡಿ," ಎಂದರು ಒಬ್ಬರು. ಇನ್ನೊಬ್ಬರು, "ಅವರ ಹುಡುಗನ್ನ ಎಷ್ಟು ಇಳಿಸಿದ್ರೋ ನಮ್ಮವನ್ನೂ ಅಷ್ಟೇ ಇಳಿಸಿ," ಎಂದರು. ಮತ್ತೊಬ್ಬ ತಾಯಿ ಸ್ವಲ್ಪ ಹೊತ್ತು ಯೋಚಿಸಿ, ಗಲ್ಲದ ಹತ್ತಿರ ಮಾತ್ರ ಇಳಿಸಲು ಸಾಧ್ಯವೇ ಎಂದು ಕೇಳಿದರು.

ಹೊಸ ಫಾರಂಗೆ ಸಹಿ ಹಾಕುವಾಗ ವನಜಾಕ್ಷಿ ಮೇಡಂ 'ಹೋಗುವ ವೇಗ' ಎಂಬುದನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಮೇಲೆ 'ಬಡಿಸುವ ವೇಗ' ಎಂದು ಬರೆದರು. ಆಮೇಲೆ ಸಹಿ. ಎರಡು ದಿನಕ್ಕೆ ಹೆಡ್ ಆಫೀಸಿನಿಂದ ನಟರಾಜ್ ಸಾರ್‌ಗೆ ಫೋನ್ ಬಂತು. ಏನಿದು ಎಂದು ಕೇಳಿದರಂತೆ. "ಕೇಟರಿಂಗ್ ಕಸ್ಟಮರ್ ಸಾರ್," ಎಂದು ಹೇಳಿ ಇಟ್ಟುಬಿಟ್ಟರು. ನಟರಾಜ್ ಸಾರ್ ಬಗ್ಗೆ ಏನೇ ಬರೆದರೂ ಈ ಒಂದು ಉಪಕಾರವನ್ನು ಬಿಡಬಾರದು.

ಎರಡನೆಯ ಭಾನುವಾರ ತಿಂಡಿ ಹೊತ್ತಿಗೆ ನಾನು ಅವರ ಮನೆಯಲ್ಲಿದ್ದೆ. ಉಪ್ಪಿಟ್ಟು ಮಾಡಿದ್ದರು, ಇಬ್ಬರೂ ತಿನ್ನಲಿಲ್ಲ. ಯಂತ್ರದ ಹಸಿರು ದೀಪ ಮಿಣಿಮಿಣಿ ಎನ್ನುತ್ತಿತ್ತು. ವನಜಾಕ್ಷಿ ಮೇಡಂ ಅದರ ಮುಂದೆ ಕೂತು, ಅತ್ತೆಯ ಬೋರ್ಡಿನ ಕಡೆ ನೋಡದೆ, ಕೈಯಲ್ಲಿ ಫೋನ್ ಹಿಡಿದುಕೊಂಡಿದ್ದರು. ಫೋನ್ ಬಂತು. ಶೇಷಗಿರಿರಾಯರು. ಮೇಡಂ ಸ್ಪೀಕರ್ ಹಾಕಿದರು.

"ವನಜಾಕ್ಷೀ, ಹುಡುಗ ಬಂದ."

"ಎಲ್ಲಿ ತನಕ ಬಂದ ಅಂಕಲ್?"

"ಪೂರ್ತಿ ಬಂದ. ಕಣ್ಣು, ಮೂಗು, ಗಲ್ಲ, ಟೈ ಎಲ್ಲಾ ಬಂತು. ನಮ್ಮನೆಯವಳು ಒಲೆ ಹತ್ರ ಹೋಗೋಕೂ ಟೈಮ್ ಸಿಗ್ಲಿಲ್ಲ. ಮಗಳೂ ನೋಡಿದ್ಲು. ಇಷ್ಟ ಆಗ್ಲಿಲ್ವಂತೆ. ಬೇರೆ ನೋಡ್ತಿದೀವಿ. ಒಂದಾದ್ಮೇಲೊಂದು ಬರ್ತಾ ಇವೆ, ಚೆನ್ನಾಗಿದೆ."

ವನಜಾಕ್ಷಿ ಮೇಡಂ ಫೋನ್ ಇಟ್ಟರು. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, "ಇಷ್ಟ ಆಗ್ಲಿಲ್ವಂತೆ ಪದ್ಮಾ," ಎಂದರು. ಆ ಮಾತನ್ನು ಅಷ್ಟು ಸಂತೋಷವಾಗಿ ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ. ಉಪ್ಪಿಟ್ಟು ಬಿಸಿ ಮಾಡಿಕೊಂಡು ಬಂದರು.

ಈಗ ಎಲ್ಲ ಸುಲಭವಾಗಿದೆ. ಎರಡೂ ಕಡೆ ಸಮ ಇರುವ ಲೈನುಗಳು ಬೀದಿ ಬೀದಿಯಲ್ಲಿವೆ, ಹೆಚ್ಚಿನವರು ಯಂತ್ರವನ್ನೇ ಬೇರೆ ಕಡೆ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಆದರೂ ಹೊಸಬರು ಗೇಟು ನೋಡುವ ಬದಲು ಫೋನಿನ ಪರದೆಯಲ್ಲಿ ಬರುವ ಡೌನ್‌ಲೋಡಿನ ದೊಡ್ಡ ಅಂಕಿ ನೋಡುತ್ತಾರೆ. ಸಿಂಹ ಜಾಗ ಬದಲಾಯಿಸಿದೆ, ಅಷ್ಟೇ. ಒಂದೇ ಪಂಕ್ತಿಗೆ ಎಷ್ಟು ಎಲೆ, ಒಂದೊಂದು ಎಲೆಗೆ ಎಷ್ಟು ತೂಕ, ಸೀಸನ್ ಯಾವುದು ಎಂದು ಕೇಳಿ. ಅಕಸ್ಮಾತ್ ಬಂದವರಿಗೂ ಆಗುವಷ್ಟು ವೇಗ ಹೆಚ್ಚಿಗೆ ಇಟ್ಟುಕೊಳ್ಳಿ. ಮನೆಯೊಳಗೆ ಕೂತು ಪರೀಕ್ಷೆ ಮಾಡಬೇಡಿ, ಹೊರಗೆ ಬಂದು ಮಾಡಿ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಗಿತ್ತು. ಮೇಘನಾ ಮತ್ತೆ ಫೋನ್ ಮಾಡಿದಳು.

"ಆಂಟಿ, ಎರಡೂ ಕಡೆ ಸಮ ಇರೋ ಐವತ್ತು ಹಾಕಿದೆ. ಅದೇ ಜಾಸ್ತಿ ಆಯ್ತಾ?"

"ಇರ್ಲಿ. ಟೆಸ್ಟ್ ಮಾಡಿದ್ಯಾ? ಈಗ ಆಷಾಢ."

"ಅದನ್ನೇ ಆ ಮೇಡಮ್ಮೂ ಹೇಳಿದ್ರು. ಹೊಸ ಫೋಟೋ ಯಾವುದೂ ಇಲ್ಲ, ನಿಂದೇ ಒಂದು ತೆಗೆದು ಹಾಕ್ತೀನಿ ಇರು ಅಂತ ನನ್ನನ್ನೇ ಕಿಟಕಿ ಹತ್ರ ನಿಲ್ಲಿಸಿ ತೆಗೆದ್ರು. ಬಸ್ಸಲ್ಲಿ ಕೂತು ಫೋನಲ್ಲಿ ನೋಡಿದೆ. ಸಖತ್ತಾಗಿ ಬಂತು ಆಂಟಿ, ಒಂದೇ ಸಲಕ್ಕೆ ಗಲ್ಲದ ತನಕ."

"ಒಳ್ಳೇದಾಯ್ತು."

"ನಕ್ಷತ್ರಾನೂ ಕೇಳಿ ಬರ್ಕೊಂಡ್ರು. ಟೆಸ್ಟಿಂಗ್‌ಗೆ ನಕ್ಷತ್ರ ಬೇಕಾ?"

"ನಮ್ಮ ಕಾಲದಲ್ಲಿ ಬೇಕಿರ್ಲಿಲ್ಲ," ಎಂದೆ. "ಸೈಟಿಂದ ಆ ಫೋಟೋ ಅಳಿಸಿಬಿಡಿ ಅಂತ ಹೇಳಿ ಬಂದೆ ತಾನೇ?"

"ಹೇಳ್ದೆ. 'ಯೋಚ್ನೆ ಮಾಡ್ಬೇಡಮ್ಮ, ಫೋಟೋ ಮನೆ ಬಿಟ್ಟು ಹೋಗಲ್ಲ' ಅಂದ್ರು."

ರಾತ್ರಿಗೆ ಹುರುಳಿಕಾಯಿ ಪಲ್ಯ, ಮಧ್ಯಾಹ್ನದ ತಿಳಿಸಾರು, ಎರಡು ಹಪ್ಪಳ, ಮಜ್ಜಿಗೆ. ನಾನು ಬರೆಯುತ್ತ ಕೂತಿದ್ದರಿಂದ ನಮ್ಮನೆಯವರೇ ಬಡಿಸಿದರು. ಎರಡು ತಟ್ಟೆಗೆ ಒಬ್ಬರು, ಏನೂ ತೊಂದರೆಯಾಗಲಿಲ್ಲ. ಮಾತ್ರೆ ತೆಗೆದುಕೊಂಡು ಮೊದಲು ಮಲಗಿದವರೂ ಅವರೇ.